ಆಲದ ಕೆಳಗೆ ಅವ್ವನ ಸಾಣಿಗೆ

ಕೋಥರೂಡದ ನಮ್ಮ ಬಾಲ್ಕನಿಯಲ್ಲಿ ಇವತ್ತು ಹುಳ ಹಿಡಿದ ರವೆಯನ್ನು ಬಿಸಿಲಿಗೆ ಹರಡಿದೆ. ಹುಳಗಳು ನೆರಳಿನತ್ತ ಹರಿದವು. ನಾನು ನೆನಪಿನಲ್ಲಿ ಭೋರ್ ಹತ್ತಿರದ ನನ್ನ ಹಳ್ಳಿಯ ಮರಾಠಿ ಶಾಲೆಗೆ ಹೋಗಿಬಿಟ್ಟೆ.

ಅಲ್ಲಿ ಗುರೂಜಿ ಶನಿವಾರದ ವಿಜ್ಞಾನವನ್ನು ಆಲದ ಮರದ ಕೆಳಗೆ ಕಲಿಸುತ್ತಿದ್ದರು. ತರಗೆಲೆಯಲ್ಲಿ ಎಷ್ಟು ಬಗೆಯ ಜೀವಿಗಳಿವೆ ನೋಡೋಣ ಎಂದಾಗ, ಅವ್ವ ಜೋಳ ಹಸನು ಮಾಡುವ ಸಾಣಿಗೆಯನ್ನು, ಅಂದರೆ ಜರಡಿಯನ್ನು, ನಾನು ಕೇಳದೇ ಒಯ್ದೆ. ಅದಕ್ಕೆ ತರಗೆಲೆ ತುಂಬಿ ಎಷ್ಟು ಅಲ್ಲಾಡಿಸಿದರೂ ಬಿದ್ದದ್ದು ಬರೀ ಮಣ್ಣು. ಅಷ್ಟರಲ್ಲಿ ಸಾಣಿಗೆ ಹುಡುಕುತ್ತ ಅವ್ವನೇ ಬಂದಳು.

"ತಿನ್ನೂ ಕಾಳಿನ ಸಾಣಿಗ್ಯಾಗ ಇದೇನ ಕಸಾ?" ಎಂದು ಬೈದಳು. ಬೈಯುತ್ತಲೇ ಬಗ್ಗಿ ನೋಡಿದಳು. "ಹಂಗ ಅಲ್ಲಾಡಿಸಿದ್ರ ಅವು ಎಲಿ ಬಿಡೂದಿಲ್ಲ. ಬಿಸಿಲಿಗಿಡು, ತಾವ ಕೆಳಗ ಇಳೀತಾವು."

ನಾನು ಅದನ್ನು ಕನ್ನಡ ಬಾರದ ಗುರೂಜಿಗೆ ಮರಾಠಿಯಲ್ಲಿ ಹೇಳಿದೆ. ಅವರು ಸಾಣಿಗೆಯನ್ನು ಬಿಸಿಲಿನಲ್ಲಿ ಎರಡು ಕಲ್ಲಿನ ಮೇಲಿಟ್ಟು ಕೆಳಗೆ ಬಿಳಿ ಕಾಗದ ಹಾಸಿದರು. ಸ್ವಲ್ಪ ಹೊತ್ತಿಗೆ ಹುಳಗಳು ಒಂದೊಂದಾಗಿ ಕಾಗದದ ಮೇಲೆ ಉದುರತೊಡಗಿದವು. ಗುರೂಜಿ ಭೂತಗನ್ನಡಿಯನ್ನು ಮೊದಲು ಅವ್ವನ ಕೈಗೆ ಕೊಟ್ಟರು. ರೊಟ್ಟಿಯ ಹೊತ್ತು ಮೀರಿದರೂ ಅವಳು ಹುಳಗಳ ಕಾಲು ಎಣಿಸುತ್ತ ಕೂತಳು. ಸಾಣಿಗೆ ಮತ್ತೆ ಅಡುಗೆಮನೆಗೆ ಬರಲಿಲ್ಲ, ಶಾಲೆಯಲ್ಲೇ ಉಳಿಯಿತು.

ಈಗ ರವೆಯ ಹುಳ ಝಾಡಿಸಲು ಕೈ ಎತ್ತಿದೆ. ಒಳಗಿನಿಂದ ಅವ್ವ ಅಂದಳು, "ತಡಿ, ನನ್ನ ಚಷ್ಮಾ ಎಲ್ಲೈತಿ?"