ಕಿತ್ತಳೆ ಗಿಡಗಳಿಗೆ ದೊಡ್ಡಮ್ಮ ಹೊಲಿದ ಅಂಗಿ

ದೊಡ್ಡಮ್ಮನ ಕತ್ತರಿಯನ್ನು ಮುಟ್ಟುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಅದು ಬಟ್ಟೆಗೆ ಮಾತ್ರ. ಕಾಗದಕ್ಕಿಲ್ಲ, ಹುರಿಗಿಲ್ಲ, ಉಗುರಿಗಂತೂ ಕೇಳಲೇಬೇಡಿ. ಮದುವೆಯಾದ ಹೊಸತರಲ್ಲಿ ದೊಡ್ಡಪ್ಪ, ಪಾಪ, ಗೊತ್ತಿಲ್ಲದೆ ಅದರಲ್ಲಿ ಒಂದು ತಂತಿಯ ಚೂರು ಕತ್ತರಿಸಿಬಿಟ್ಟರಂತೆ. ಅವತ್ತು ದೊಡ್ಡಮ್ಮ ಅವರಿಗೆ ಗಂಜಿಯನ್ನು ಅವರೇ ಮಾಡಿದ ಜರಡಿಯಲ್ಲಿ ಬಡಿಸಿದಳು. "ನಿಮ್ಮ ಸಾಮಾನು ನಿಮಗೆ, ನನ್ನ ಸಾಮಾನು ನನಗೆ. ಉಣ್ಣಿ" ಎಂದಳು. ಈ ಕಥೆ ಹೇಳುವಾಗಲೆಲ್ಲ ದೊಡ್ಡಪ್ಪ ಈಗಲೂ ತೊಡೆ ಒರೆಸಿಕೊಳ್ಳುತ್ತಾರೆ.

ಇಬ್ಬರದೂ ಒಂದೇ ಅಂಗಡಿ, ನಡುವೆ ಒಂದು ಮರದ ಹಲಗೆ. ಎಡಕ್ಕೆ ದೊಡ್ಡಮ್ಮನ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಕಾಜಾ ಹೊಲಿಯಲು ಕಾದಿರುವ ಅಂಗಿಗಳು. ಬಲಕ್ಕೆ ದೊಡ್ಡಪ್ಪನ ಜರಡಿ ಕೆಲಸ: ಗೋಡೆಗೆ ಒರಗಿಸಿದ ಮರದ ಬಳೆಗಳು, ತಂತಿ ಬಲೆಯ ಸುರುಳಿಗಳು. ಹಲಗೆಯ ಆಚೆಯಿಂದ ಒಂದು ತಂತಿಯ ತುಣುಕು ಈಚೆ ಹಾರಿಬಂದರೆ ಮುಗಿಯಿತು, ಅಂದಿನ ಮಂಗಳಾರತಿ ಬೀದಿಗೆಲ್ಲ ಕೇಳುತ್ತಿತ್ತು. ನಾನು ಅದೇ ಅಂಗಡಿಯ ಮಹಡಿಯಲ್ಲಿರುವವಳು. ಬಸ್ಸಿನಲ್ಲಿ ಟಿಕೆಟ್ ಹರಿಯುವ ಕೆಲಸ. ದಿನವಿಡೀ ಜನರ ಜಗಳ ಕೇಳಿ ಮನೆಗೆ ಬಂದರೆ ಇವರಿಬ್ಬರ ಜಗಳ ನನಗೆ ಹಾಡು ಕೇಳಿದ ಹಾಗಿರುತ್ತಿತ್ತು.

ಹೊಲಿಗೆಯಲ್ಲಿ ದೊಡ್ಡಮ್ಮನದು ಒಂದೇ ಹಟ. ಬಟ್ಟೆ ಮೈಗೆ ಅಂಟಿದ ಹಾಗಿರಬೇಕು. "ಸ್ವಲ್ಪ ಸಡಿಲ ಇರಲಿ ಅಮ್ಮ" ಎಂದು ಯಾರಾದರೂ ಬಾಯಿ ಬಿಟ್ಟರೆ, "ಸಡಿಲ ಬೇಕಾದ್ರೆ ಗೋಣಿಚೀಲ ಹಾಕ್ಕೊಳಿ. ಅದಕ್ಕೆ ಟೈಲರ್ ಯಾಕೆ?" ಎನ್ನುತ್ತಿದ್ದಳು. ಇಷ್ಟು ಜೋರಿನ ಹೆಂಗಸು ಜಿರಲೆ ಕಂಡರೆ ಮಾತ್ರ ಇಸ್ತ್ರಿ ಮೇಜು ಹತ್ತಿ ಕೂರುತ್ತಿದ್ದಳು.

ನಮ್ಮಮ್ಮ ಅವಳ ಒಬ್ಬಳೇ ತಂಗಿ. ಅಮ್ಮನ ಹಿತ್ತಲಿನಲ್ಲಿ ಒಂದು ಕಿತ್ತಳೆ ಮರವಿತ್ತು. ಅಂಥ ಹಣ್ಣು ನಾನು ಬೇರೆಲ್ಲೂ ತಿಂದಿಲ್ಲ. ಸಿಪ್ಪೆ ಮುಟ್ಟಿದರೆ ಬಿಡಿಸಿಕೊಳ್ಳುತ್ತಿತ್ತು, ಮೊದಲು ಹುಳಿ ಅನ್ನಿಸಿ ಆಮೇಲೆ ಬಾಯಿ ತುಂಬ ಸಿಹಿಯಾಗುತ್ತಿತ್ತು. ಅದರ ಬೀಜ ಹಾಕಿದರೆ ಬರುತ್ತಿದ್ದದ್ದು ಬರೀ ಹುಳಿಕಾಯಿ. ಅಮ್ಮ ತೀರಿಕೊಂಡ ವರ್ಷವೇ ರಸ್ತೆ ಅಗಲ ಮಾಡಲು ಹಿತ್ತಲು ಹೋಯಿತು. ಕೊಡಲಿ ಬೀಳುವ ಮುಂಚೆ ದೊಡ್ಡಮ್ಮ ಓಡಿಹೋಗಿ ಎಳೆ ಕೊಂಬೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಕಾಜಾ ಬಿಡಿಸುವ ಬ್ಲೇಡಿನಿಂದ ಅವನ್ನು ಕಾಡು ಹುಳಿ ಕಿತ್ತಳೆಯ ಸಸಿಗಳಿಗೆ ಕಸಿ ಕಟ್ಟಿದಳು. ಹಲವು ಒಣಗಿದವು. ಐದು ಹಿಡಿದುಕೊಂಡವು. ಆ ಐದನ್ನು ಅಂಗಡಿಯ ಹಿಂದಿನ ಅಂಗಳದಲ್ಲಿ ನೆಟ್ಟೆವು. ಅವೂ ಹೋದರೆ ಅಮ್ಮನ ಕಿತ್ತಳೆ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ. ಇದು ನಮ್ಮ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಗಿಡಗಳು ನನ್ನ ಸೊಂಟಕ್ಕೆ ಬಂದಿದ್ದವು, ಅಷ್ಟರಲ್ಲಿ ಬಂತು ನೋಡಿ ಮಿಡತೆ! ಗೋಡೆಯಾಚೆಯ ಖಾಲಿ ಜಾಗದ ಹುಲ್ಲೆಲ್ಲ ಬಿಸಿಲಿಗೆ ಒಣಗಿತ್ತು. ಹಸಿರು ಎಂದು ಉಳಿದದ್ದು ನಮ್ಮ ಅಂಗಳವೊಂದೇ. ಮೊದಲ ದಿನ ನಾಲ್ಕಾರು, ಮರುದಿನ ಗೋಡೆಯ ತುಂಬ. ಬಟ್ಟೆ ಒಣಹಾಕಿದ ಹಗ್ಗ, ಬಕೆಟ್ಟಿನ ಹಿಡಿ, ಎಲ್ಲಿ ನೋಡಿದರೂ ಕಂದು ಕಾಲುಗಳು.

"ತಂತಿ ಬಲೆ ಸುತ್ತೋಣ" ಎಂದರು ದೊಡ್ಡಪ್ಪ.

"ನನ್ನ ತಂಗಿ ಗಿಡಾನ ಪಂಜರಕ್ಕೆ ಹಾಕ್ತೀರಾ? ನಿಮ್ಮ ತಂತಿ ತಾಗಿ ಚಿಗುರು ಗೀರಿಹೋದ್ರೆ? ನಾನು ಬದುಕಿದ್ದೀನಿ, ನನ್ನ ಹತ್ರ ಬಟ್ಟೆ ಇದೆ" ಎಂದು ದೊಡ್ಡಮ್ಮ ಕುತ್ತಿಗೆಗೆ ಟೇಪು ಹಾಕಿಕೊಂಡು ಅಂಗಳಕ್ಕಿಳಿದಳು.

ನಾನು ಸುಳ್ಳು ಹೇಳುತ್ತಿಲ್ಲ, ಅವಳು ಗಿಡಗಳ ಅಳತೆ ತೆಗೆದುಕೊಂಡಳು. ಸೊಂಟ, ತೋಳು, ಎತ್ತರ. ಒಂದು ಗಿಡ ಎಡಕ್ಕೆ ವಾಲಿತ್ತು. "ನೆಟ್ಟಗೆ ನಿಂತ್ಕೋ" ಎಂದು ಅದಕ್ಕೂ ಗದರಿದಳು. ಬಿಳಿ ಹತ್ತಿ ಬಟ್ಟೆಯಲ್ಲಿ ಐದು ಅಂಗಿ ಹೊಲಿದು, ಬಟ್ಟೆ ಸೆಟೆದು ನಿಲ್ಲಲಿ ಎಂದು ದಪ್ಪಗೆ ಗಂಜಿ ಹಾಕಿ, ಬೆಳಿಗ್ಗೆ ತೊಡಿಸಿ ಗುಂಡಿ ಹಾಕಿದಳು. ಒಂದು ಎಲೆಯೂ ಹೊರಗಿಲ್ಲ, ಒಂದು ಸುಕ್ಕೂ ಇಲ್ಲ. ಐದು ಗಿಡಗಳೂ ಶಾಲೆಯ ಮೊದಲ ದಿನಕ್ಕೆ ಹೊರಟ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ನಾವು ಮೂವರೂ ನಕ್ಕು, ಖುಷಿಯಾಗಿ ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಸಂಜೆ ನಾನು ಬಸ್ಸಿನಿಂದ ಇಳಿಯುವಾಗಲೇ ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು. "ಹಿಂದಕ್ಕೆ ಬಾ" ಎಂದರು, ಅಷ್ಟೇ. ಅಂಗಿಗಳ ಬಿಳುಪು ಕಾಣುತ್ತಲೇ ಇರಲಿಲ್ಲ, ಅಷ್ಟು ಮಿಡತೆ. ಗಂಜಿ ಹಾಕಿದ ಬಟ್ಟೆಯನ್ನು ಅವು ಔತಣದಂತೆ ತಿಂದಿದ್ದವು. ಅಂಗಿ ಎಲೆಗೆ ಅಂಟಿಕೊಂಡಿತ್ತಲ್ಲ, ಬಟ್ಟೆ ತೂತಾದ ಕಡೆಯೆಲ್ಲ ಎಲೆಯೂ ತೂತು. ಎಡಕ್ಕೆ ವಾಲಿದ್ದ ಗಿಡದ ತೊಗಟೆಯನ್ನೂ ಬಿಟ್ಟಿರಲಿಲ್ಲ. ಕಸಿಯ ಗಂಟಿನ ಕೆಳಗಿನವರೆಗೆ ಬರೀ ಕಡ್ಡಿ, ಅದರ ಮೇಲೆ ಒಂದು ಕಾಲರ್ ನೇತಾಡುತ್ತಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ನನಗೆ ಅಳು ಬಂತು, ಅತ್ತುಬಿಟ್ಟೆ. ದೊಡ್ಡಮ್ಮ ಅಳಲಿಲ್ಲ. ಕಾಲರನ್ನು ಎತ್ತಿಕೊಂಡು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ತಪ್ಪು ನಂದೇ ಕಣೇ. ಬಿಗಿ ಆಯ್ತು" ಎಂದಳು. ಅವಳ ಬಾಯಲ್ಲಿ ಆ ಮಾತು ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ದೊಡ್ಡಪ್ಪ ಆಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಅವರು ಆಡಿಕೊಳ್ಳಲಿಲ್ಲ. "ಈಗ ಕತ್ತಲಾಯ್ತು. ಬೆಳಗಿನ ಚಳಿಗೆ ಇವು ಮರಗಟ್ಟಿ ಕೂತಿರ್ತವೆ, ಬಿಸಿಲು ತಾಗೋವರೆಗೂ ಹಾರಲ್ಲ. ಬಿಸಿಲು ಆ ಗೋಡೆ ಇಳಿಯೋದರೊಳಗೆ ನಾಲ್ಕಕ್ಕೂ ಬಲೆ ಬೀಳಬೇಕು" ಎಂದರು.

ಬೆಳಕು ಹರಿಯುತ್ತಿದ್ದಂತೆ ಶುರುಮಾಡಿದೆವು. ನನ್ನ ಕೆಲಸ ಅಂಗಿ ಬಿಚ್ಚಿ, ಮಿಡತೆಗಳನ್ನು ಸಾಬೂನು ನೀರಿನ ಬಕೆಟ್ಟಿಗೆ ಕೊಡವುವುದು. ದೊಡ್ಡಪ್ಪ ಬಲೆ ಕತ್ತರಿಸಬೇಕು, ದೊಡ್ಡಮ್ಮ ಅದನ್ನು ಕೊಳವೆಯ ಹಾಗೆ ಸುತ್ತಿ ದಬ್ಬಳಕ್ಕೆ ತೆಳು ತಂತಿ ಪೋಣಿಸಿ ಹೊಲಿಯಬೇಕು. ಗೋಣಿ ಹೊಲಿಯುವ ಆ ದಬ್ಬಳವನ್ನು ಅವಳು ಜೀವನದಲ್ಲಿ ಮುಟ್ಟಿದವಳಲ್ಲ.

"ಎಲೆಗೆ ತಾಗಬಾರದು. ಸಡಿಲ, ಇನ್ನೂ ಸಡಿಲ" ಎಂದು ದೊಡ್ಡಪ್ಪ ಕೂಗುತ್ತಿದ್ದರು.

"ಗೊತ್ತಾಯ್ತು ರೀ! ಗೋಣಿಚೀಲಾನೇ ಹೊಲೀತಿದೀನಿ!"

ಮೊದಲ ಗಿಡ ಮುಚ್ಚಿ, ಬಲೆಯ ಅಂಚನ್ನು ಮಣ್ಣಿನಲ್ಲಿ ಹೂತೆವು. ಅಷ್ಟು ಹೊತ್ತಿಗೆ ಗೋಡೆಯ ತಲೆಯ ಮೇಲೆ ಬಿಸಿಲು ಬಂದಾಗಿತ್ತು. ಎರಡನೆಯದಕ್ಕೆ ಕೈ ಹಾಕಿದಾಗ ದೊಡ್ಡಪ್ಪನ ಕತ್ತರಿಯ ತಿರುಗಣಿ ಮೊಳೆ ಮುರಿದು ಎರಡು ಹೋಳು ಎರಡು ಕೈಗೆ ಬಂತು. ಅವರು ಆ ಹೋಳುಗಳನ್ನೇ ನೋಡುತ್ತ ನಿಂತರು. ದೊಡ್ಡಮ್ಮ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಅವಳ ಕತ್ತರಿ.

"ಇವಳೇ, ಬೇಡ" ಎಂದರು ದೊಡ್ಡಪ್ಪ.

"ಬಲೆ ಬಿಗಿಯಾಗಿ ಹಿಡೀರಿ" ಎಂದಳು.

ಬಟ್ಟೆಯಲ್ಲಿ ಸರ್ರೆಂದು ಹರಿಯುವ ಆ ಕತ್ತರಿ ತಂತಿಯಲ್ಲಿ ಕರಕರ ಎಂದಿತು. ಒಂದೊಂದು ತಂತಿಗೂ ಅದರ ಅಲಗು ಹಲ್ಲು ಕಳೆದುಕೊಳ್ಳುತ್ತಿತ್ತು. ನನಗೆ ಕಿವಿ ಮುಚ್ಚಿಕೊಳ್ಳಬೇಕೆನ್ನಿಸಿತು. ಅವಳು ನಿಲ್ಲಿಸಲೇ ಇಲ್ಲ. ಎರಡನೆಯದು ಆಯಿತು, ಮೂರನೆಯದೂ ಆಯಿತು, ಸುರುಳಿ ಖಾಲಿ! ದೊಡ್ಡಪ್ಪ ಒಳಗೆ ಓಡಿ, ಹಿಟ್ಟಿನ ಗಿರಣಿಯವರಿಗೆಂದು ವಾರವಿಡೀ ಕೂತು ಮಾಡಿದ್ದ ದೊಡ್ಡ ಜರಡಿಗಳನ್ನು ತಂದು, ಬಳೆಯಿಂದ ಬಲೆ ಕಿತ್ತು ಕೊಟ್ಟರು. "ಗಿರಣಿಯವನು ಬಂದ್ರೆ ಏನ್ ಹೇಳ್ತೀರಿ?" ಎಂದೆ. "ಮಿಡತೆ ತಿಂತು ಅಂತೀನಿ" ಎಂದರು.

ನಾಲ್ಕನೆಯ ಗಿಡಕ್ಕೆ ಬಲೆ ಸುತ್ತಿದ್ದೇ ತಡ, ಬಿಸಿಲು ಅಂಗಳಕ್ಕೆ ಇಳಿಯಿತು. ಇಡೀ ಗೋಡೆಯೇ ಎದ್ದು ಹಾರಿದ ಹಾಗೆ ಎದ್ದವು! ಮುಚ್ಚಿದ ಮೂರು ಗಿಡಗಳ ಬಲೆಗೆ ಪಟಪಟ ಬಡಿದು ಬಿದ್ದವು. ನಾನು ಪೊರಕೆ ಬೀಸುತ್ತ ಬಸ್ಸಿನ ಸೀಟಿಯನ್ನು ಜೀವ ಹೋಗುವ ಹಾಗೆ ಊದಿದೆ. ಮಿಡತೆಗೆ ಸೀಟಿಯಿಂದ ಏನಾಗಬೇಕು, ನನಗೆ ಧೈರ್ಯ ಬರಲಿ ಎಂದು ಊದಿದೆ. ನಾಲ್ಕನೆಯ ಬಲೆಯ ಬಾಯಿ ಇನ್ನೂ ತೆರೆದಿತ್ತು. ದೊಡ್ಡಮ್ಮ ಅದನ್ನು ಎರಡೂ ತೋಳಿನಿಂದ ಅವುಚಿ ಹಿಡಿದು ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಅವಳ ಬೆನ್ನ ಮೇಲೆ ಮಿಡತೆ, ಕೂದಲಲ್ಲಿ ಮಿಡತೆ, ಕಿವಿಯ ಮೇಲೆ ಮಿಡತೆ. ಜಿರಲೆಗೆ ಮೇಜು ಹತ್ತುವ ಹೆಂಗಸು!

"ನಾನು ಕೈ ಬಿಡೋ ಹಾಗಿಲ್ಲ. ನೀವು ಹೊಲೀರಿ!"

"ನನಗೆಲ್ಲಿ ಬರುತ್ತೆ ಹೊಲಿಗೆ?"

"ಬರುತ್ತೆ! ಹೊಲೀರೀ!" ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು, ತುಟಿ ನಡುಗುತ್ತಿತ್ತು, ತೋಳು ಮಾತ್ರ ಅಲುಗಲಿಲ್ಲ.

ದೊಡ್ಡಪ್ಪ ದಬ್ಬಳ ಹಿಡಿದು ಹೊಲಿದರು. ಮೇಲಕ್ಕೊಂದು ಹೊಲಿಗೆ, ಕೆಳಕ್ಕೊಂದು, ನಡುವೆ ತಮ್ಮ ಬೆರಳಿಗೂ ಒಂದು. ಕೊನೆಯ ಗಂಟು ಬಿದ್ದ ಮೇಲೆ ದೊಡ್ಡಮ್ಮ ತೋಳು ಸಡಿಲಿಸಿದಳು, ಎದ್ದಳು, ಆಮೇಲೆ ಕಿರುಚಿದಳು! ಬೀದಿಯವರೆಲ್ಲ ಓಡಿಬರುವ ಹಾಗೆ ಕಿರುಚಿ, ಮನೆಯೊಳಗೆ ನುಗ್ಗಿ ಇಸ್ತ್ರಿ ಮೇಜು ಹತ್ತಿ ಕೂತಳು.

ಕೆಲವು ದಿನಗಳಲ್ಲಿ ಮಿಡತೆಗಳು ತಾವಾಗಿಯೇ ಬೇರೆ ಕಡೆ ಹೋದವು. ದೊಡ್ಡಪ್ಪನ ಸೊಟ್ಟ ಹೊಲಿಗೆಯನ್ನು ದೊಡ್ಡಮ್ಮ ಕೊನೆಯವರೆಗೂ ಬಿಚ್ಚಿ ಸರಿಮಾಡಲಿಲ್ಲ. ಬೇರೆ ಯಾರ ಹೊಲಿಗೆಯಾಗಿದ್ದರೂ ಬಿಡುತ್ತಿರಲಿಲ್ಲ. ಸಾಣೆ ಹಿಡಿಯುವವನು ಕತ್ತರಿಯನ್ನು ತಿರುಗಿಸಿ ನೋಡಿ, "ಇದರ ಕಥೆ ಮುಗೀತಮ್ಮ" ಎಂದು ವಾಪಸು ಕೊಟ್ಟ. ಅವಳು ಹೊಸತು ಕೊಂಡಳು. ಹಳೆಯದನ್ನು ಒರೆಸಿ ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿದಳು. ಅದನ್ನೂ ಯಾರೂ ಮುಟ್ಟುವ ಹಾಗಿರಲಿಲ್ಲ.

ಆದರೆ ಒಂದು ಭಯ ಉಳಿದೇ ಇತ್ತು. ಗಿಡಗಳು ಉಳಿದಿದ್ದವು ನಿಜ, ಆದರೆ ಮಿಡತೆ ಮೇಯ್ದ ಗಿಡಗಳ ಹೊಸ ಚಿಗುರು ಕಸಿಯ ಗಂಟಿನ ಹತ್ತಿರವೇ ಒಡೆದಿತ್ತು. ಗಂಟಿನ ಮೇಲಿನದಾದರೆ ಅಮ್ಮನ ಕಿತ್ತಳೆ, ಕೆಳಗಿನದಾದರೆ ಕಾಡು ಹುಳಿ. ಯಾವುದು ಎಂದು ಹೇಳುವುದು ಕಷ್ಟವಿತ್ತು. ಹಣ್ಣು ಬಿಡುವವರೆಗೂ ನಾವು ಕಾಯಬೇಕಾಯಿತು. ಆ ವರ್ಷಗಳಲ್ಲಿ ದೊಡ್ಡಮ್ಮ ಕಿತ್ತಳೆ ಎಂಬ ಪದವನ್ನೇ ಎತ್ತಲಿಲ್ಲ.

ಕೊನೆಗೂ ಒಂದು ಗಿಡದಲ್ಲಿ ಒಂದೇ ಒಂದು ಹಣ್ಣು ಬಿಟ್ಟಿತು, ಅದೂ ದೊಡ್ಡಪ್ಪ ಸೊಟ್ಟಗೆ ಹೊಲಿದ ಗಿಡದಲ್ಲಿ! ಬಣ್ಣ ತಿರುಗಿದ ದಿನ ಮೂವರೂ ಅಂಗಳದಲ್ಲಿ ನಿಂತೆವು. ದೊಡ್ಡಮ್ಮ ಕಿತ್ತಳು. ಹೆಬ್ಬೆರಳು ಇಟ್ಟಳಷ್ಟೇ, ಸಿಪ್ಪೆ ತಾನಾಗಿ ಬಿಡಿಸಿಕೊಂಡಿತು. ಒಂದು ತೊಳೆ ಬಾಯಿಗೆ ಹಾಕಿಕೊಂಡಳು. ಅವಳ ಹುಬ್ಬು ಗಂಟಿಕ್ಕಿತು.

"ಹುಳೀನಾ?" ಎಂದರು ದೊಡ್ಡಪ್ಪ.

ಅವಳು ನನ್ನ ಬಾಯಿಗೆ ಒಂದು ತೊಳೆ ಇಟ್ಟಳು. ಮೊದಲು ಹುಳಿ. ಆಮೇಲೆ, ಆಮೇಲೆ ಬಾಯಿ ತುಂಬ ಅಮ್ಮನ ಹಿತ್ತಲು! ನಾನು ಕೂಗಿದೆನೋ ಅತ್ತೆನೋ ಈಗ ನೆನಪಿಲ್ಲ. ದೊಡ್ಡಪ್ಪ "ನನಗೆ, ನನಗೆ" ಎಂದು ಮಗುವಿನ ಹಾಗೆ ಕೈ ಚಾಚಿದ್ದರು.

ದೊಡ್ಡಮ್ಮ ಒಳಗೆ ಹೋಗಿ ಬಂದಳು. ಮೊಳೆಯಲ್ಲಿದ್ದ ಹಳೆಯ ಕತ್ತರಿಯನ್ನು ತಂದು, ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ನೀಡಿದಳು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ಹಿಡಿ. ಎಳೆ ಕೊಂಬೆ ನೋಡಿ ಒಂದು ಕತ್ತರಿಸು. ಆ ಐದನೇ ಗಿಡದ ಜಾಗ ಇನ್ನೂ ಖಾಲಿ ಇದೆ."