ಹಳದಿ ಹೂವಿನ ಕಾವಲುಗಾರ

ನಮ್ಮ ಸಿನಾಯ್ ಬೆಟ್ಟಗಳಲ್ಲಿ, ನೀರು ತೊಟ್ಟಿಕ್ಕುವ ಬಂಡೆಸೀಳುಗಳಲ್ಲಿ ಮಾತ್ರ ಬದುಕುವ ಹಳದಿ ಹೂವಿಗೆ ನನ್ನ ಗಂಡನ ಅಪ್ಪ, ಅವ್ವಾದ್ ಮಾವ ಕಾವಲು. ಯಾರೂ ನೇಮಿಸಿದ್ದಲ್ಲ, ಅವರಪ್ಪ ಕಾಯುತ್ತಿದ್ದರು, ಇವರೂ ಕಾಯುತ್ತಾರೆ. ದಿನಾ ಬೆಳಿಗ್ಗೆ ನೋಯುವ ಮಂಡಿಯನ್ನು ಬೈದುಕೊಂಡು, ಮಸಿ ಹಿಡಿದ ಚಹಾ ಕೆಟಲ್ ತೂಗಾಡಿಸುತ್ತಾ ಬೆಟ್ಟ ಹತ್ತುತ್ತಾರೆ. ಪ್ರವಾಸಿಗರು ಹೂವಿನ ದಾರಿ ಕೇಳಿದರೆ ಎದುರು ಬೆಟ್ಟಕ್ಕೆ ಕೈ ತೋರಿಸುತ್ತಾರೆ. ಹೂವಿರುವ ಕಡೆ ಮೇಯಿಸುವುದಿಲ್ಲವೆಂದು ಎಲ್ಲರೂ ಮಾತು ಕೊಟ್ಟ ತಿಂಗಳಲ್ಲಿ ತಮ್ಮದೇ ತಂಗಿಯ ಮೇಕೆ ನುಗ್ಗಿದ್ದಕ್ಕೆ, ಬುಡಕಟ್ಟಿನ ನೇಮದಂತೆ ಅವಳಿಂದಲೇ ಒಂದು ಮರಿ ದಂಡ ವಸೂಲಿ ಮಾಡಿದರು. "ಅಣ್ಣಾ, ನೀನು ಆ ಹೂವನ್ನೇ ಮದುವೆ ಆಗ್ಬೇಕಿತ್ತು," ಎಂದು ಅವಳು ಬೈದರೆ, "ಅದು ಇಷ್ಟು ಮಾತಾಡಲ್ಲ ನೋಡು," ಎಂದರು. ಹತ್ತು ಲೋಟ ಚಹಾ ಕುಡಿಯದೆ ದಿನ ದೂಡದ ಆಸಾಮಿ. ಈ ವರ್ಷ ಬಂಡೆಯ ಒರತೆ ಬತ್ತಿತು, ಮನೆಯಲ್ಲೂ ಟ್ಯಾಂಕರಿನ ನೀರನ್ನು ಅಳೆದು ಹಂಚುವಂತಾಯಿತು. ಆಮೇಲೆ ಮಾವ ಮನೆಯ ಚಹಾ ಬೇಡವೆಂದರು. "ನನ್ನ ಪಾಲಿನ ನೀರು ಕೆಟಲ್‌ಗೆ ಹಾಕಮ್ಮ, ಮೇಲೇ ಕಾಯಿಸ್ಕೋತೀನಿ." ಮೊನ್ನೆ ರೊಟ್ಟಿ ಮರೆತು ಹೋದರೆಂದು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಾನೇ ಹತ್ತಿದೆ. ಅಲ್ಲಿ ಬೆಂಕಿ ಹಚ್ಚಿದ ಗುರುತೇ ಇರಲಿಲ್ಲ. ಮಾವ ಬಂಡೆಗೆ ಒರಗಿ, ಕೆಟಲ್ ಬಾಗಿಸಿ, ಒರತೆ ಹನಿಸುತ್ತಿದ್ದ ಹಾಗೆಯೇ ಒಂದೊಂದೇ ಹನಿ ಬಿಡುತ್ತಿದ್ದರು. ತುಟಿ ಒಣಗಿ ಬಿರಿದಿತ್ತು. ಉಳಿದಿದ್ದದ್ದು ನಾಲ್ಕೇ ಗಿಡ. ರೊಟ್ಟಿಯನ್ನು ಅವರ ಪಕ್ಕದಲ್ಲಿಟ್ಟು ಇಳಿದು ಬಂದೆ. ಮರುದಿನ ಕೆಟಲ್ ಕಂಠಮಟ್ಟ ತುಂಬಿಸಿಟ್ಟೆ. ಮಾವ ಎತ್ತಿ ನೋಡಿ, "ಇದು ಕೂಸಿನ ಸ್ನಾನದ ನೀರಲ್ವೇನಮ್ಮ?" ಎಂದರು. "ಇವತ್ತು ಒದ್ದೆ ಬಟ್ಟೇಲಿ ಒರೆಸ್ತೀನಿ ಬಿಡಿ, ಮಾವ. ಆದ್ರೆ ಅರ್ಧ ಇಲ್ಲೇ, ನನ್ನೆದುರಿಗೇ ಕುಡಿದು ಹೋಗಿ."