ಐದು ಮಟ್ಟಗಳಲ್ಲಿ ಸಿಗದ ಮೆಂಬರ್

ಪಟ್ಟಿಗಳನ್ನು ಒಪ್ಪವಾಗಿಡುವ ಚಟ ನನಗೆ ಮೊದಲಿನಿಂದಲೂ ಇದೆ. ಕಪಾಟಿನಲ್ಲಿ ನನ್ನ ಅಂಗಿಗಳು ಮಾತ್ರ ಮುದ್ದೆಯಾಗಿ ಬಿದ್ದಿರುತ್ತವೆ. ನಿವೃತ್ತ ಮಾಸ್ತರ ಖಾಲಿ ಕೂತಿದ್ದಾನೆಂದು ತಿಳಿದ ಹಳೆಯ ಶಿಷ್ಯನೊಬ್ಬ, ಚುನಾವಣೆಗಳ ಮಾಹಿತಿ ಕಲೆಹಾಕುವವ, ನನಗೊಂದು ಕೆಲಸ ಹಚ್ಚಿದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಬಂದ ಮಾಹಿತಿಯಲ್ಲಿ ಹುದ್ದೆಗಳ ಮಟ್ಟವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದಿದ್ದರು. ಶಾಸಕರು ಒಂದು ಕಡೆ ‘ತಾಲ್ಲೂಕು’, ಇನ್ನೊಂದು ಕಡೆ ‘ರಾಜ್ಯ’. ಮತ್ತೊಬ್ಬ ಪುಣ್ಯಾತ್ಮ ‘ದೊಡ್ಡವರು’ ಎಂದೇ ಬರೆದಿದ್ದ. ಎಲ್ಲವನ್ನೂ ಒಂದೇ ಅಳತೆಗೆ ತರಬೇಕಿತ್ತು.

ದೇಶ, ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಎಂದು ಐದು ಮಟ್ಟ ಮಾಡಿದೆ. ಆಯ್ಕೆಯಾದವರು ಯಾವ ಸಭೆಯಲ್ಲಿ ಕೂಡುತ್ತಾರೋ ಅದೇ ಅವರ ಮಟ್ಟ. ಶಾಸಕರನ್ನು ತಾಲ್ಲೂಕಿನಿಂದ ರಾಜ್ಯಕ್ಕೆ ಏರಿಸುವಾಗ ನನ್ನ ಬೆರಳಿಗೆ ಹೈಕಮಾಂಡಿನ ಗತ್ತು ಬಂದಿತ್ತು. ತೊಡಕು ಒಂದೇ: ಪಂಚಾಯಿತಿಗೆ ಹೆಣ್ಣುಮಕ್ಕಳು ಗೆದ್ದ ಕಡೆ ಎಷ್ಟೋ ಸಲ ಹೆಸರಿನ ಜಾಗದಲ್ಲಿ ಗಂಡಂದಿರು ಕೂತಿದ್ದರು. “ಛೆ, ಎಂಥ ಮಂದಿ!” ಎಂದು ಜೋರಾಗಿಯೇ ಬೈದೆ.

ಅದನ್ನು ಕೇಳಿ ಹೆಂಡತಿ ಗಂಗವ್ವ ಅಡುಗೆಮನೆಯಿಂದ ಬಂದಳು. ನಮ್ಮೂರ ಪಂಚಾಯಿತಿ ಮೆಂಬರ್ ಅವಳೇ. ಊರು ಮಾತ್ರ ‘ಮೆಂಬರ್ರ’ ಎಂದು ಕರೆಯುವುದು ನನ್ನನ್ನು. ಸಭೆಯ ಮುಂದಿನ ಕುರ್ಚಿಯೂ ನನಗೇ. ಮೇಲಿನ ಓಣಿಯ ನೀರಿನ ಮಾತೆತ್ತಲು ಅವಳು ಸಿದ್ಧಳಾಗಿ ಬಂದಾಗಲೆಲ್ಲ ನಾನು ಪ್ರಜಾಪ್ರಭುತ್ವದ ಪಾಠ ಶುರುಮಾಡುತ್ತಿದ್ದೆ. ಪಾಠ ಮುಗಿಯುವಷ್ಟರಲ್ಲಿ ಸಭೆಯೂ ಮುಗಿದಿರುತ್ತಿತ್ತು.

“ಇದರಾಗ ನಿಮ್ಮ ಹೆಸರು ಯಾವ ಮಟ್ಟದಾಗ ಬರ್ತೈತ್ರಿ?” ಎಂದಳು.

ನಿಯಮ ನಾನೇ ಮಾಡಿದ್ದು. ಮೇಲಿನಿಂದ ಕೆಳಗಿನವರೆಗೆ ನೋಡಿದೆ. “ಎಲ್ಲೂ ಬರಂಗಿಲ್ಲ.”

“ಹಂಗಾದ್ರ ನಾಳಿ ಸಭಾಕ್ಕ ನಾ ಒಬ್ಬಾಕೀನ ಹೋಗ್ತೇನಿ. ನೀವು ಮನ್ಯಾಗ ಇರ್ರಿ.”

ಇದ್ದೆ. ಕುರ್ಚಿ ತಪ್ಪಿದ್ದಕ್ಕೆ ಹೊಟ್ಟೆ ಉರಿಯಿತು, ನಿಮ್ಮ ಮುಂದೆ ಮುಚ್ಚಿಡುವುದೇನು? ಮರುದಿನ ಮಧ್ಯಾಹ್ನ ಮೇಲಿನ ಓಣಿಯ ಹಸನಸಾಬ ಬಾಗಿಲಲ್ಲಿ ನಿಂತು, “ಮೆಂಬರ್ ಅದಾರೇನ್ರಿ?” ಎಂದ. ರೂಢಿಯಂತೆ ಎದ್ದು ಟೋಪಿ ಸರಿಮಾಡಿಕೊಂಡೆ.

“ನೀವಲ್ರಿ ಮಾಸ್ತರ, ಅಕ್ಕಾರು! ನಮ್ಮ ಓಣಿಗಿ ಪೈಪ್ ಹಾಕಾಕ ಇವತ್ತ ಸಭಾದಾಗ ಠರಾವ್ ಮಾಡ್ಸ್ಯಾರಂತ. ಕಂಡು ನಾಕ ಮಾತು ಆಡಿ ಹೋಗೂಣು ಅಂತ ಬಂದೇನಿ.”

ಒಂದೇ ಸಭೆ! ಹೆಮ್ಮೆಯೂ ನಾಚಿಕೆಯೂ ಒಟ್ಟಿಗೇ ಬಂದವು. “ಬರೂತನಾ ಕುಂದರ್ರಿ” ಎಂದು ನಾನೇ ಒಲೆ ಹಚ್ಚಿ ಚಹಾ ಮಾಡಿ ತಂದೆ. ಒಂದು ಗುಟುಕು ಕುಡಿದ ಹಸನಸಾಬ ನನ್ನ ಮುಖ ನೋಡಿದ.

“ಸಕ್ಕರಿ ಹಾಕಿಲ್ರಿ, ಮಾಸ್ತರ.”

ಹೊಸ ಹುದ್ದೆ. ಮಟ್ಟ ಯಾವುದೋ ಇನ್ನೂ ತಿಳಿದಿಲ್ಲ. ಕೆಲಸವನ್ನಂತೂ ಮೊದಲಿನಿಂದ ಕಲಿಯಬೇಕು.